ಸಾಧಾರಣ ಮೈಕಟ್ಟಿನ ಅಪ್ಪ

ಫೋನ್ ತೆರೆದರೆ ಸಾಕು, ಒಬ್ಬ ಅಪ್ಪ ಓಡುತ್ತಿರುತ್ತಾನೆ. ಬೆಳಗಿನ ಐದು ಗಂಟೆ, ಇನ್ನೂ ಕತ್ತಲು, ಹಿಂದೆ ಏಳೆಂಟು ವರ್ಷದ ಮಗ. ಮಗು ಏದುಸಿರು ಬಿಡುತ್ತಿದೆ, ಅಪ್ಪ ‘ಇನ್ನೊಂದು ರೌಂಡ್’ ಅನ್ನುತ್ತಾನೆ. ಆಮೇಲೆ ಇಪ್ಪತ್ತು ಪುಶ್‌ಅಪ್, ತಣ್ಣೀರ ಸ್ನಾನ, ಬೇಯಿಸಿದ ಮೊಟ್ಟೆ. ಕೊನೆಗೆ ಅಪ್ಪ ಕ್ಯಾಮೆರಾ ಕಡೆ ತಿರುಗಿ, ಲೋಕ ಯಾರಿಗೂ ಕರುಣೆ ತೋರಿಸಲ್ಲ, ಅದಕ್ಕೇ ಮಗನನ್ನ ಈಗಿನಿಂದಲೇ ಗಟ್ಟಿ ಮಾಡ್ತಿದೀನಿ ಅಂತಾನೆ. ಅಪ್ಪ ಬೇರೆ ಬೇರೆ, ಊರು ಬೇರೆ ಬೇರೆ, ಮಾತು ಮಾತ್ರ ಒಂದೇ.

ಒಂದೇ ಕಥೆಯನ್ನು ಇಷ್ಟು ಜನ ಒಂದೇ ಥರ ಹೇಳ್ತಾ ಇದ್ದಾರೆ ಅಂದ್ರೆ ಅದನ್ನು ಒಂದು ಕಥಾಪ್ರಕಾರ ಅಂತಲೇ ಓದಬೇಕು. ಪತ್ತೇದಾರಿ ಕಾದಂಬರಿಗೆ ಒಂದು ಹೆಣ ಬೇಕಿರುವ ಹಾಗೆ ಈ ಪ್ರಕಾರಕ್ಕೂ ಕೆಲವು ಸಾಮಾನು ಬೇಕು: ನಸುಕು, ಬೆವರು, ಅಳುವ ಮಗು, ಕರಗದ ಅಪ್ಪ, ಕೊನೆಗೊಂದು ಪದಕ. ಈ ಬರಹ ಆ ಪ್ರಕಾರದ ವಿಮರ್ಶೆ. ಜಿಮ್ ಬೇಡ, ಓಟ ಬೇಡ ಅಂತ ನಾನು ಹೇಳ್ತಿಲ್ಲ. ವಾರಕ್ಕೆ ನಾಲ್ಕು ದಿನ ನಾನೂ ಓಡುತ್ತೇನೆ, ನನ್ನ ಒಂಬತ್ತು ವರ್ಷದ ಮಗನೂ ಎಷ್ಟೋ ಸಲ ಜೊತೆಗೆ ಬರುತ್ತಾನೆ. ನನ್ನ ಪ್ರಶ್ನೆ ಕಥೆಯ ಬಗ್ಗೆ. ಮಕ್ಕಳಿಗೆ ಗಟ್ಟಿತನ ಎಲ್ಲಿಂದ ಬರುತ್ತೆ ಅಂತ ಈ ಕಥೆ ಹೇಳ್ತಿದೆಯಲ್ಲ, ಅದು ನಿಜವಾ?

ನಾನಿರೋದು ಚನ್ನರಾಯಪಟ್ಟಣದಲ್ಲಿ. ಹೆಸರು ಕೇಳಿದವರೆಲ್ಲ ‘ಓ, ಹಾಸನದ ಕಡೆನಾ?’ ಅಂತಾರೆ. ಅಲ್ಲ, ಇದು ದೇವನಹಳ್ಳಿ ತಾಲ್ಲೂಕಿನ ಹೋಬಳಿ. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ನಮ್ಮಂಥ ಐಟಿ ಮಂದಿ ಈ ಕಡೆ ಮನೆ ಹುಡುಕಿಕೊಂಡು ಬಂದೆವು. ರಸ್ತೆಯ ಒಂದು ಬದಿ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಸಂಜೆಯಾದರೆ ಡೈರಿ ಮುಂದೆ ಹಾಲಿನ ಕ್ಯಾನು. ಇನ್ನೊಂದು ಬದಿ ಲೇಔಟು, ಕಾಂಪೌಂಡು, ಗೇಟಿನೊಳಗೆ ಕ್ಲಬ್‌ಹೌಸು. ಈ ಊರಲ್ಲಿ ಕೂತು ಆ ರೀಲ್ ನೋಡೋದು ಸ್ವಲ್ಪ ಬೇರೆ ಥರ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಈ ಪ್ರಕಾರದ ದೊಡ್ಡ ಕೃತಿಯನ್ನೇ ನೋಡೋಣ.

ಅದು 2016ರ ಡಿಸೆಂಬರ್‌ನಲ್ಲಿ ಬಂದ ‘ದಂಗಲ್’. ನಿತೇಶ್ ತಿವಾರಿ ನಿರ್ದೇಶನ, ಆಮಿರ್ ಖಾನ್ ಅಪ್ಪ. ಹರಿಯಾಣದ ಮಹಾವೀರ್ ಸಿಂಗ್ ಫೋಗಟ್ ತನ್ನ ಹೆಣ್ಣುಮಕ್ಕಳನ್ನು ಕುಸ್ತಿಪಟುಗಳನ್ನಾಗಿ ಮಾಡಿದ ಕಥೆ. ಚಿತ್ರ ಚೆನ್ನಾಗಿದೆ, ಅದರಲ್ಲಿ ಅನುಮಾನ ಇಲ್ಲ. ಇವತ್ತಿನ ಐದು ಗಂಟೆಯ ರೀಲ್‌ನಲ್ಲಿರೋದೆಲ್ಲ ಅದರ ಮೊದಲ ಒಂದು ಗಂಟೆಯಲ್ಲೇ ಇದೆ. ನಸುಕಿನಲ್ಲಿ ಎಬ್ಬಿಸೋದು, ಬೀದಿ ತಿಂಡಿ ಬಂದ್, ಹುಡುಗಿಯರು ಬೇಡ ಬೇಡ ಅಂತ ಅತ್ತರೂ ತಲೆಗೂದಲು ಕತ್ತರಿಸೋದು. ಅಪ್ಪ ಹೆಂಡತಿಯ ಹತ್ತಿರ ಒಂದು ವರ್ಷ ಟೈಮ್ ಕೇಳ್ತಾನೆ. ಮಕ್ಕಳ ಹತ್ತಿರ ಏನನ್ನೂ ಕೇಳಲ್ಲ.

ಈಗ ಒಂದು ವಿಷಯ ಗಮನಿಸಿ. ಈ ಕಥೆಯನ್ನು ನಮಗೆ ಹೇಳುತ್ತಿರೋದು ಯಾರು? ಅಪ್ಪ ಅಲ್ಲ, ಮಗಳೂ ಅಲ್ಲ. ಅಣ್ಣನ ಸ್ಥಾನದಲ್ಲಿರುವ ಒಬ್ಬ ಹುಡುಗ, ಸೋದರಸಂಬಂಧಿ, ತಮಾಷೆಯ ದನಿಯಲ್ಲಿ ಹೇಳುತ್ತಾ ಹೋಗ್ತಾನೆ. ಮಕ್ಕಳ ನೋವು ಅವನ ಬಾಯಲ್ಲಿ ಜೋಕ್ ಆಗಿ ನಮಗೆ ತಲುಪುತ್ತೆ. ಅಪ್ಪನೇ ಆರೋಗ್ಯಕ್ಕೆ ಹಾನಿಕಾರಕ ಅಂತ ಮಕ್ಕಳು ದೂರುವ ಹಾಡು ಥಿಯೇಟರ್‌ನಲ್ಲಿ ಎಲ್ಲರನ್ನೂ ನಗಿಸಿತು. ಅದೇ ದೂರನ್ನು ಹಾಡಿಲ್ಲದೆ, ನಗುವಿಲ್ಲದೆ, ಒಂದು ಮಗು ಸುಮ್ಮನೆ ನಮ್ಮ ಕಡೆ ನೋಡಿಕೊಂಡು ಹೇಳಿದ್ದರೆ ಆ ಒಂದು ಗಂಟೆಯನ್ನು ನಾವು ಅಷ್ಟು ಆರಾಮಾಗಿ ನೋಡ್ತಿರಲಿಲ್ಲ.

ಚಿತ್ರಕ್ಕೂ ಇದು ಗೊತ್ತು. ಅದಕ್ಕೇ ಒಂದು ಮದುವೆಯ ದೃಶ್ಯ ಇಟ್ಟಿದೆ. ಹದಿನಾಲ್ಕರ ಹುಡುಗಿಯೊಬ್ಬಳು ಮದುಮಗಳಾಗಿ ಕೂತು, ನಿಮ್ಮಪ್ಪ ಕೊನೇ ಪಕ್ಷ ನಿಮ್ಮ ಬಗ್ಗೆ ಯೋಚನೆ ಮಾಡ್ತಿದ್ದಾನೆ ಅನ್ನೋ ಅರ್ಥದ ಮಾತು ಹೇಳ್ತಾಳೆ. ಅಲ್ಲಿಂದ ಮುಂದೆ ಮಕ್ಕಳೂ ಅಪ್ಪನ ಪಕ್ಷ, ಪ್ರೇಕ್ಷಕರೂ ಅಪ್ಪನ ಪಕ್ಷ. ದೃಶ್ಯ ಮನಸ್ಸಿಗೆ ತಟ್ಟುತ್ತೆ. ಬಾಲ್ಯವಿವಾಹವೇ ಎದುರಿಗಿದ್ದ ಊರಲ್ಲಿ ಆ ಅಪ್ಪ ಮಗಳಿಗೆ ಒಂದು ಬದುಕು ಕೊಟ್ಟ ಅನ್ನೋದು ಸಣ್ಣ ವಿಷಯ ಅಲ್ಲ. ಆದರೆ ದೇವನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಮಗನನ್ನು ಐದಕ್ಕೆ ಎಬ್ಬಿಸುವ ಅಪ್ಪನಿಗೆ ಆ ಸಮರ್ಥನೆ ಸಲ್ಲಲ್ಲ. ನಮ್ಮ ಮಗನಿಗೆ ಹದಿನಾಲ್ಕಕ್ಕೆ ಯಾರೂ ಮದುವೆ ಮಾಡ್ತಿಲ್ಲ. ಅಲ್ಲಿನ ಅನಿವಾರ್ಯತೆಯನ್ನು ಬಿಟ್ಟು ಕಾಠಿಣ್ಯವನ್ನು ಮಾತ್ರ ನಾವು ಎತ್ತಿಕೊಂಡು ಬಂದಿದ್ದೇವೆ.

ಇನ್ನು ಕ್ಲೈಮ್ಯಾಕ್ಸ್. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್. ಚಿತ್ರದಲ್ಲಿ ಗೀತಾ ಕೊನೇ ಕ್ಷಣದವರೆಗೆ ಹಿಂದಿರುತ್ತಾಳೆ, ಅಪ್ಪನನ್ನು ಕೋಚ್ ಒಂದು ಕೋಣೆಯಲ್ಲಿ ಕೂಡಿಹಾಕಿಸಿರುತ್ತಾನೆ. ನಿಜದಲ್ಲಿ ಗೀತಾ ಫೋಗಟ್ ಆ ಫೈನಲನ್ನು ಸಲೀಸಾಗಿಯೇ ಗೆದ್ದಿದ್ದರು. ಕೂಡಿಹಾಕಿದ ಪ್ರಸಂಗ ಪೂರ್ತಿ ಕಲ್ಪನೆ. ಆಗಿನ ಕೋಚ್ ಪಿ. ಆರ್. ಸೋಂಧಿ ಚಿತ್ರ ಬಂದ ಮೇಲೆ ಬೇಸರವನ್ನೂ ಹೇಳಿಕೊಂಡರು. ಸಿನಿಮಾ ಅಂದ ಮೇಲೆ ಕಲ್ಪನೆ ಇರುತ್ತೆ, ತಪ್ಪಲ್ಲ. ಆದರೆ ಯಾವುದನ್ನು ಕಲ್ಪಿಸಿಕೊಂಡಿದ್ದಾರೆ ನೋಡಿ: ಅಪ್ಪನ ಬಿಟ್ಟು ಬೇರೆ ಎಲ್ಲರನ್ನೂ ಕಥೆಯಿಂದ ಹೊರಗೆ ಹಾಕುವಂಥದ್ದನ್ನು. ಕೋಚ್ ಖಳನಾಗುತ್ತಾನೆ, ಕ್ರೀಡಾ ಅಕಾಡೆಮಿ ಮಗಳನ್ನು ಕೆಡಿಸುವ ಜಾಗವಾಗುತ್ತೆ. ಗಟ್ಟಿತನ ಅನ್ನೋದು ಒಬ್ಬನೇ ಅಪ್ಪ ತನ್ನ ಹಠದಿಂದ ಒಬ್ಬ ಮಗುವಿನೊಳಗೆ ಇಳಿಸುವ ವಸ್ತು ಅನ್ನೋ ನಂಬಿಕೆಯ ಮೇಲೆ ಇಡೀ ಚಿತ್ರ ನಿಂತಿದೆ. ರೀಲುಗಳೂ ಅಷ್ಟೇ. ಫ್ರೇಮಿನಲ್ಲಿ ಇಬ್ಬರೇ ಇರ್ತಾರೆ.

ಆದರೂ ಆ ಕ್ಲೈಮ್ಯಾಕ್ಸ್‌ನಲ್ಲಿ ಚಿತ್ರ ತನಗೇ ಗೊತ್ತಿಲ್ಲದೆ ಒಂದು ಸತ್ಯ ಹೇಳಿಬಿಟ್ಟಿದೆ. ಮಗಳು ಗೆಲ್ಲೋದು ಅಪ್ಪ ಅಲ್ಲಿಲ್ಲದಾಗ. ಆಗ ಅವಳಿಗೆ ನೆನಪಾಗೋದು ಚಿಕ್ಕಂದಿನಲ್ಲಿ ನೀರಿಗೆ ಬಿದ್ದಾಗ ಅಪ್ಪ ಹೇಳಿದ ಮಾತು. ನಸುಕಿನ ಓಟವಾಗಲಿ ಕತ್ತರಿಸಿದ ಕೂದಲಾಗಲಿ ಅಲ್ಲಿ ಬರಲ್ಲ. ಭಯ ಆದ ಹೊತ್ತಿನಲ್ಲಿ ಪಕ್ಕದಲ್ಲಿ ಇದ್ದ ಒಬ್ಬ ಮನುಷ್ಯ ನೆನಪಾಗ್ತಾನೆ. ನನಗೆ ಬೇಕಿರೋದು ಆ ಅಪ್ಪ. ಚಿತ್ರ ಅವನಿಗೆ ಎರಡು ನಿಮಿಷ ಕೊಡುತ್ತೆ, ಉಳಿದ ಎರಡೂವರೆ ಗಂಟೆ ಇನ್ನೊಬ್ಬನಿಗೆ.

ಇಲ್ಲಿ ಒಂದು ಪದದ ವಿಚಾರ ಹೇಳಬೇಕು. ರೆಸಿಲಿಯೆನ್ಸ್ ಅನ್ನೋದನ್ನು ನಾವು ಸಲೀಸಾಗಿ ‘ಗಟ್ಟಿತನ’ ಅಂತ ಮಾಡಿಕೊಂಡುಬಿಟ್ಟಿದ್ದೇವೆ. ಗಟ್ಟಿ ಅಂದ್ರೆ ಕಲ್ಲು, ಬೆಲ್ಲದ ಅಚ್ಚು, ಒಣಗಿದ ಮಣ್ಣು. ಒತ್ತಿದರೂ ಬದಲಾಗದ್ದು. ಆದರೆ ಆ ಇಂಗ್ಲಿಷ್ ಪದದ ಅರ್ಥ ಒತ್ತಿದರೆ ಬಾಗಿ ಮತ್ತೆ ಮೊದಲಿನ ಹಾಗಾಗೋದು. ಅದಕ್ಕೆ ನಮ್ಮಲ್ಲಿ ಬೇರೆ ಮಾತಿದೆ: ಚೇತರಿಸಿಕೊಳ್ಳೋದು. ಜ್ವರ ಬಂದವರು ಚೇತರಿಸಿಕೊಳ್ತಾರೆ, ಬರ ಬಿದ್ದ ಹೊಲ ಒಂದು ಮಳೆಗೆ ಚೇತರಿಸಿಕೊಳ್ಳುತ್ತೆ. ಆ ಪದದೊಳಗೆ ಮೊದಲು ಬೀಳೋದು ಇದೆ, ಸಮಯ ಇದೆ, ಗಂಜಿ ಕಾಯಿಸಿ ಕೊಟ್ಟವರೂ ಇದ್ದಾರೆ. ‘ಮಗನನ್ನು ಗಟ್ಟಿ ಮಾಡ್ತೀನಿ’ ಅನ್ನಬಹುದು, ‘ಮಗನನ್ನು ಚೇತರಿಸಿಕೊಳ್ಳೋ ಹಾಗೆ ಬೆಳೆಸ್ತೀನಿ’ ಅಂತ ಹೇಳಿ ನೋಡಿ, ತಕ್ಷಣ ಕೆಲಸದ ಪಟ್ಟಿಯೇ ಬದಲಾಗುತ್ತೆ.

ತಮಾಷೆ ಏನಂದ್ರೆ ಫಿಟ್‌ನೆಸ್ ಮಂದಿಗೆ ಇದು ಉಳಿದವರಿಗಿಂತ ಚೆನ್ನಾಗಿ ಗೊತ್ತು. ಭಾರ ಎತ್ತುವಾಗ ಸ್ನಾಯು ಬೆಳೆಯಲ್ಲ, ಎತ್ತಿದ ಮೇಲೆ ತಿಂದು ಮಲಗಿದಾಗ ಬೆಳೆಯುತ್ತೆ. ಅದಕ್ಕೇ ಒಂದು ದಿನ ಎದೆ, ಒಂದು ದಿನ ಕಾಲು, ಒಂದು ದಿನ ರೆಸ್ಟು. ರೆಸ್ಟ್ ಡೇ ತಪ್ಪಿಸಿದರೆ ಟ್ರೇನರ್ ಬೈತಾನೆ. ಇಷ್ಟೆಲ್ಲ ಶಿಸ್ತಾಗಿ ತನ್ನ ಮೈಗೆ ಬಿಡುವು ಕೊಡುವ ಅಪ್ಪ, ಮಗ ‘ಇವತ್ತು ಬೇಡಪ್ಪಾ’ ಅಂದ್ರೆ ಅದನ್ನು ಸೋಮಾರಿತನ ಅಂತ ಓದ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅಂತಿದೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಅಷ್ಟೂ ಸಿಗ್ತಿಲ್ಲ. ಸಮಸ್ಯೆ ದೊಡ್ಡದು, ಒಪ್ಪೋಣ. ಆದರೆ ಆ 60 ನಿಮಿಷವನ್ನು ನಸುಕಿನಲ್ಲೇ, ಅಪ್ಪನ ಹಿಂದೆಯೇ, ಅತ್ತುಕೊಂಡೇ ಮಾಡಬೇಕು ಅಂತ ಎಲ್ಲೂ ಇಲ್ಲ. ಸಂಜೆ ಕುಂಟೆಬಿಲ್ಲೆ, ಲಗೋರಿ, ಸೈಕಲ್ಲು ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಅದಕ್ಕೆ ಬೇಕಿರೋದು ಒಂದು ಬಯಲು ಮತ್ತು ನಾಲ್ಕು ಜನ ಗೆಳೆಯರು.

ಬಯಲು ಅಂದಾಗ ನನಗೆ ಮಲ್ಲೇಶ್ವರದ ಒಂದು ಮದುವೆ ಹಾಲ್ ನೆನಪಾಗುತ್ತೆ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಅಲ್ಲಿ, ಕೆನರಾ ಯೂನಿಯನ್‌ನ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಹುಡುಗರು ಇವತ್ತು ಸಮಾರಂಭ ಇದೆಯೋ ಇಲ್ಲವೋ ಅಂತ ಕಾದು, ಇಲ್ಲ ಅಂದ್ರೆ ಸ್ಕೂಲ್ ಮುಗಿಸಿ ಓಡ್ತಿದ್ದರು. ಈ ಸಂಗತಿಯನ್ನು ಅವರು ಮಗಳಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. 2016ರ ಜನವರಿಯಲ್ಲಿ ದೀಪಿಕಾ ಪಡುಕೋಣೆ ‘ಪೀಕು’ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ತಗೊಂಡಾಗ ವೇದಿಕೆಯ ಮೇಲೆ ಆ ಪತ್ರ ಓದಿದರು, ಓದುತ್ತಾ ಅತ್ತರು. ಆಮೇಲೆ ಅದು ಎಲ್ಲ ಅಪ್ಪಂದಿರ ವಾಟ್ಸಾಪ್‌ಗೂ ಬಂತು.

ಆ ಪತ್ರವನ್ನು ನಾವು ಓದಿಕೊಂಡ ರೀತಿ ಕೂಡ ದಂಗಲ್ ಥರವೇ. ಸೌಕರ್ಯ ಇರಲಿಲ್ಲ, ಕಷ್ಟಪಟ್ಟರು, ಅದಕ್ಕೇ ಗಟ್ಟಿಯಾದರು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಸ್ವಲ್ಪ ನಿಧಾನವಾಗಿ ಓದಿದರೆ ಅದೇ ಕಥೆಯಲ್ಲಿ ಬೇರೆ ಜನ ಕಾಣಿಸ್ತಾರೆ. ಮದುವೆ ಇಲ್ಲದ ದಿನ ಮಕ್ಕಳು ಆಡಿಕೊಳ್ಳಲಿ ಅಂತ ಆ ಹಾಲ್‌ನ ಬಾಗಿಲು ತೆರೆದಿಟ್ಟವರು ಯಾರೋ ಇದ್ದರಲ್ಲ. ಅಪ್ಪ ರಮೇಶ್ ಪಡುಕೋಣೆ ಮನೆಯಲ್ಲಿ ಮಗನಿಗೆ ಕೋಚಿಂಗ್ ಕೊಟ್ಟು ಸುಮ್ಮನಾದವರಲ್ಲ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯನ್ನು ಕಟ್ಟಿ ವರ್ಷಗಟ್ಟಲೆ ಅದರ ಕಾರ್ಯದರ್ಶಿಯಾಗಿ ದುಡಿದವರು. ಅಂದ್ರೆ ಬೇರೆಯವರ ಮಕ್ಕಳಿಗೂ ಆಟ ಸಿಗುವಂಥ ವ್ಯವಸ್ಥೆ ಕಟ್ಟಿದವರು. ಆ ಮಗ 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ, ಎರಡು ವರ್ಷದ ಮೇಲೆ ಅದೇ ಪ್ರಶಸ್ತಿ ಗೆದ್ದ. ಸೋತ ಹುಡುಗ ಮತ್ತೆ ಹೋಗಿ ಆಡೋದಕ್ಕೆ ಒಂದು ಜಾಗ ಇತ್ತು. ಚೇತರಿಕೆಗೆ ವಿಳಾಸ ಇತ್ತು ಅಂತ ಬೇಕಾದರೆ ಅನ್ನಿ.

ಇದೇ ಮನೆಯ ಕಥೆ ಇನ್ನೊಂದು ಭ್ರಮೆಯನ್ನೂ ಒಡೆಯುತ್ತೆ. ಕ್ರೀಡೆಯ ಶಿಸ್ತಿನಲ್ಲಿ ಬೆಳೆಸಿದರೆ ಮಗು ಜೀವನಪೂರ್ತಿ ಕುಗ್ಗಲ್ಲ ಅನ್ನೋ ಭ್ರಮೆ. ದೀಪಿಕಾ ಬ್ಯಾಡ್ಮಿಂಟನ್ ಆಡಿ ಬೆಳೆದವರು, ಆಮೇಲೆ ಆಟ ಬಿಟ್ಟು ಬೇರೆ ದಾರಿ ಹಿಡಿದರು, ಮನೆಯವರು ಒಪ್ಪಿದರು. 2014ರಲ್ಲಿ, ವೃತ್ತಿಯ ಶಿಖರದಲ್ಲಿದ್ದಾಗ ಅವರಿಗೆ ಖಿನ್ನತೆ ಬಂತು. ಅದನ್ನು ಮೊದಲು ಗುರುತಿಸಿದ್ದು ಮನೆಗೆ ಬಂದಿದ್ದ ಅಮ್ಮ ಉಜ್ವಲಾ. ನಂತರ ವೈದ್ಯರು, ಔಷಧಿ, ಮಾತು. 2015ರಲ್ಲಿ ಅವರು ಅದನ್ನು ಎಲ್ಲರೆದುರು ಹೇಳಿದರು, ಅದೇ ವರ್ಷ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ಶುರು ಮಾಡಿದರು. ಇಡೀ ದೇಶವೇ ಗಟ್ಟಿ ಅಂತ ಒಪ್ಪಿರುವ ಅಪ್ಪನ ಮಗಳೂ ಕುಗ್ಗಬಹುದು. ಕುಗ್ಗಿದ್ದೀನಿ ಅಂತ ಮನೆಯಲ್ಲಿ ಅಳಬಹುದು ಅನ್ನೋ ಧೈರ್ಯ ಅವರಿಗಿತ್ತು. ನಮ್ಮ ರೀಲ್ ಅಪ್ಪನ ಮಗ ಹದಿನೇಳನೇ ವಯಸ್ಸಿಗೆ ಕುಗ್ಗಿದರೆ ಆ ಸುದ್ದಿಯನ್ನು ಯಾರ ಹತ್ತಿರ ತಗೊಂಡು ಹೋಗ್ತಾನೆ? ಈ ಪ್ರಕಾರದ ಬಗ್ಗೆ ನನಗಿರುವ ದೊಡ್ಡ ಭಯ ಇದೇ. ಅಪ್ಪನಿಗೆ ನಿರಾಸೆ ಮಾಡಬಾರದು ಅಂತ ಕಲಿತ ಮಗು, ಅಪ್ಪನಿಗೆ ಹೇಳಬಾರದು ಅನ್ನೋದನ್ನೂ ಜೊತೆಗೇ ಕಲಿತಿರುತ್ತೆ.

ಪ್ರಕಾಶ್ ಪಡುಕೋಣೆ ಹುಟ್ಟಿದ್ದು 1955ರಲ್ಲಿ. ಅದೇ ವರ್ಷ ಹವಾಯಿಯ ಕೌವಾಯಿ ಅನ್ನೋ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಕೆಲವು ಮಕ್ಕಳ ಪಾಡು ಕಷ್ಟದ್ದು: ಬಡತನ, ಮನೆಯಲ್ಲಿ ಜಗಳ, ಕುಡಿತ, ತಂದೆತಾಯಿಯ ಮಾನಸಿಕ ಕಾಯಿಲೆ. ಅಂಥವರಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬೆಳೆದು, ಬದುಕನ್ನೂ ಸಂಬಂಧಗಳನ್ನೂ ನಿಭಾಯಿಸುವ ದೊಡ್ಡವರಾದರು. ಅವರನ್ನು ಗಟ್ಟಿ ಮಾಡಿದ್ದು ಕಷ್ಟವೇ ಆಗಿದ್ದರೆ ಉಳಿದ ಎರಡು ಭಾಗವೂ ಗಟ್ಟಿಯಾಗಬೇಕಿತ್ತು, ಕಷ್ಟ ಎಲ್ಲರಿಗೂ ಇತ್ತಲ್ಲ. ಚೇತರಿಸಿಕೊಂಡ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ಅವರನ್ನು ಇದ್ದ ಹಾಗೆ ಒಪ್ಪಿಕೊಂಡ ಕನಿಷ್ಠ ಒಬ್ಬ ನಂಬಿಕಸ್ಥ ದೊಡ್ಡವರು. ಅಜ್ಜಿ ಇರಬಹುದು, ಮೇಷ್ಟ್ರು ಇರಬಹುದು, ನೆರೆಮನೆಯವರಿರಬಹುದು. ಅವರಿಗೆ ಸಿಕ್ಸ್ ಪ್ಯಾಕ್ ಇತ್ತಾ ಅಂತ ಯಾರೂ ಕೇಳಲಿಲ್ಲ.

ಮೈಕಟ್ಟಿನ ವಿಷಯಕ್ಕೆ ಬಂದರೆ, ಕನ್ನಡದವರಾದ ನಮಗೆ 2021ರ ಅಕ್ಟೋಬರ್ 29 ಮರೆಯೋ ದಿನ ಅಲ್ಲ. ಪುನೀತ್ ರಾಜ್‌ಕುಮಾರ್‌ಗೆ ಆಗ 46 ವರ್ಷ, ಇಬ್ಬರು ಹೆಣ್ಣುಮಕ್ಕಳ ತಂದೆ. ಅಷ್ಟು ಫಿಟ್ ಆಗಿದ್ದವರಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಬೆಂಗಳೂರಿನ ಅಪ್ಪಂದಿರೆಲ್ಲ ಹೃದಯ ಪರೀಕ್ಷೆಗೆ ಸಾಲು ನಿಂತರು, ಜಯದೇವ ಆಸ್ಪತ್ರೆ ತುಂಬಿಹೋಯಿತು. ಒಂದಷ್ಟು ದಿನ ಜಿಮ್ಮೇ ಅಪಾಯ ಅನ್ನೋ ಮಾತು ಓಡಾಡಿತು. ಅದು ತಪ್ಪು ಪಾಠ. ಆದರೆ ನಮ್ಮ ಆ ಗಾಬರಿಯಲ್ಲಿ ಒಂದು ನಂಬಿಕೆ ಬಯಲಾಯಿತು: ಮೈ ಕಟ್ಟಿಕೊಂಡರೆ ಮನೆಯವರಿಗೆ ಗ್ಯಾರಂಟಿ ಬರೆದುಕೊಟ್ಟ ಹಾಗೆ ಅಂತ ನಾವು ಅಂದುಕೊಂಡಿದ್ದೆವು. ಆಮೇಲೆ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಮಾಡಿತು. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ, ರಕ್ತ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ. ಇದು ಮುಖ್ಯ. ಅಪ್ಪನ ಜೀವ ಉಳಿಯೋದು ಅವನ ದಂಡೆಯ ಬಲದಿಂದ ಮಾತ್ರ ಅಲ್ಲ, ಮನೆಯಿಂದ ಎಷ್ಟು ಹತ್ತಿರದಲ್ಲಿ ಆ ಇಂಜೆಕ್ಷನ್ ಇದೆ ಅನ್ನೋದರಿಂದಲೂ. ಮಗುವಿನ ಗಟ್ಟಿತನವೂ ಹೀಗೇ, ಒಬ್ಬರ ಹಠಕ್ಕಿಂತ ಸುತ್ತಲಿನ ಏರ್ಪಾಡಿಗೆ ಹೆಚ್ಚು ಸೇರಿದ್ದು.

ಈಗ ನಮ್ಮದೇ ಭಾಷೆಯ ಒಂದು ಚಿತ್ರಕ್ಕೆ ಬರೋಣ. ದಂಗಲ್ ಬರೋದಕ್ಕೆ ಆರು ತಿಂಗಳ ಮೊದಲು, 2016ರ ಜೂನ್‌ನಲ್ಲಿ ಹೇಮಂತ್ ಎಂ. ರಾವ್ ಅವರ ಮೊದಲ ಚಿತ್ರ ಬಂತು: ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಮಾತನ್ನೇ ಹೆಸರಾಗಿಟ್ಟ ಚಿತ್ರ. ಅನಂತ್ ನಾಗ್ ಮಾಡಿರೋ ವೆಂಕೋಬ್ ರಾವ್‌ಗೆ ಅಲ್ಝೈಮರ್ಸ್. ರಕ್ಷಿತ್ ಶೆಟ್ಟಿ ಮಾಡಿರೋ ಮಗ ಮುಂಬೈನಲ್ಲಿ ಕೆಲಸದಲ್ಲಿ ಮುಳುಗಿದವನು. ಮಗನ ಅಜಾಗ್ರತೆಯಿಂದ ಅಪ್ಪ ಬೆಂಗಳೂರಿನಲ್ಲಿ ಕಳೆದುಹೋಗ್ತಾರೆ. ಹುಡುಕುತ್ತಾ ಹೋದ ಹಾಗೆ ಮಗನಿಗೆ ತನ್ನ ಅಪ್ಪ ಯಾರು ಅನ್ನೋದು ಬೇರೆಯವರ ಬಾಯಿಂದ ಗೊತ್ತಾಗುತ್ತೆ.

ಒಂದೇ ವರ್ಷದ ಎರಡು ಅಪ್ಪಂದಿರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬನ ಪಾತ್ರಕ್ಕಾಗಿ ನಟ ತೂಕ ಏರಿಸಿ ಇಳಿಸಿದ್ದೇ ಒಂದು ಪ್ರಚಾರವಾಯಿತು. ಇನ್ನೊಬ್ಬರ ಮೈಕಟ್ಟು ಎಷ್ಟು ಸಾಧಾರಣ ಅಂದ್ರೆ ಗುರುತು ಹೇಳೋದೇ ಕಷ್ಟ. ದಂಗಲ್‌ನ ಅಪ್ಪನಿಗೆ ಮಗಳು ತನ್ನ ಕನಸಿನ ಮುಂದುವರಿಕೆ. ಇಲ್ಲಿನ ಅಪ್ಪನಿಗೆ ಮಗನ ಹೆಸರೂ ನೆನಪಿಲ್ಲದ ಹೊತ್ತಿದೆ, ಆದರೂ ಚಿತ್ರ ಮುಗಿಯುವಾಗ ಮಗ ಬದಲಾಗಿರುತ್ತಾನೆ. ಅಪ್ಪ ಅವನನ್ನು ಬದಲಿಸಲು ಏನನ್ನೂ ಮಾಡಿರಲ್ಲ. ಆ ಮನುಷ್ಯ ಬದುಕಿದ ರೀತಿ ಅಲ್ಲಲ್ಲಿ ಉಳಿದಿತ್ತು, ಹುಡುಕಿದವನಿಗೆ ಸಿಕ್ಕಿತು, ಅಷ್ಟೇ. ಚಿತ್ರದಲ್ಲಿ ತೊಡಕಿಲ್ಲ ಅಂತಲ್ಲ. ರೌಡಿಗಳ ಉಪಕಥೆ ಅಷ್ಟು ಬೇಕಿರಲಿಲ್ಲ, ಅಪ್ಪ ಒಳ್ಳೆಯವರು ಅನ್ನೋದನ್ನು ಒಂದೆರಡು ಸಲ ಜಾಸ್ತಿಯೇ ಹೇಳಲಾಗಿದೆ. ಆದರೂ ನನ್ನ ಮಗನ ಜೊತೆ ಕೂತು ನೋಡೋದಕ್ಕೆ ಒಂದನ್ನು ಆರಿಸು ಅಂದ್ರೆ ನಾನು ಇದನ್ನೇ ಆರಿಸ್ತೀನಿ. ಅಪ್ಪನೂ ಒಂದು ದಿನ ಕೈ ಹಿಡಿಸಿಕೊಂಡು ನಡೆಯೋನು ಅನ್ನೋದು ಮಕ್ಕಳಿಗೆ ಗೊತ್ತಿರಬೇಕು.

ಇನ್ನು ಚನ್ನರಾಯಪಟ್ಟಣಕ್ಕೆ ವಾಪಸ್ ಬರೋಣ. ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಅಂತ ಕೆಐಎಡಿಬಿ ಮೂಲಕ ಸ್ವಾಧೀನ ಮಾಡೋದಕ್ಕೆ ಸರ್ಕಾರ ಹೊರಟಿತ್ತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಅವರನ್ನು ವಶಕ್ಕೆ ತಗೊಂಡರು, ಧರಣಿ ಫ್ರೀಡಂ ಪಾರ್ಕ್‌ಗೆ ಹೋಯಿತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. ಅಲ್ಲಿಗೆ 1,198 ದಿನ.

ಜಮೀನು, ಕೈಗಾರಿಕೆ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಸಂಖ್ಯೆಯನ್ನು ಒಮ್ಮೆ ಒಬ್ಬ ಅಪ್ಪನಾಗಿ ಓದಿ. ಧರಣಿ ಶುರುವಾದಾಗ ಒಂದನೇ ಕ್ಲಾಸಿನಲ್ಲಿದ್ದ ಮಗು ಮುಗಿಯುವ ಹೊತ್ತಿಗೆ ನಾಲ್ಕನೇ ಕ್ಲಾಸು. ಅಷ್ಟೂ ದಿನ ಬೆಳಿಗ್ಗೆ ಹಸು ಕರೆಯಬೇಕು, ಹೊಲಕ್ಕೆ ನೀರು ಬಿಡಬೇಕು, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು, ಅದರ ನಡುವೆ ಧರಣಿ. ಯಾವ ಒಬ್ಬ ಅಪ್ಪನ ಹಠದಿಂದಲೂ 1,198 ದಿನ ಸಾಗಲ್ಲ. ಒಬ್ಬರಿಗೆ ಆಗದ ದಿನ ಇನ್ನೊಬ್ಬರು ಇರಬೇಕು. ಗೆಲ್ಲೋ ಖಾತ್ರಿ ಇಲ್ಲದ ದಿನವೂ ಹೋಗಬೇಕು, ಸಂಜೆ ಮನೆಗೆ ಬಂದು ಉಣ್ಣಬೇಕು, ಮಾರನೇ ದಿನ ಮತ್ತೆ ಹೋಗಬೇಕು. ದೂರದಿಂದ ನೋಡಿದ ನನಗೇ ಇಷ್ಟು ಕಂಡಿದೆ ಅಂದ ಮೇಲೆ ಆ ಮನೆಗಳ ಮಕ್ಕಳಿಗೆ ಎಷ್ಟು ಕಂಡಿರಬೇಡ. ದಣಿದ ಅಪ್ಪನನ್ನೂ ನೋಡಿದ್ದಾರೆ, ಹೆದರಿದ ಅಪ್ಪನನ್ನೂ ನೋಡಿದ್ದಾರೆ, ಮಾರನೇ ಬೆಳಿಗ್ಗೆ ಎದ್ದವನನ್ನೂ ನೋಡಿದ್ದಾರೆ. ಅದೇ ವರ್ಷಗಳಲ್ಲಿ ನಾವು ಕಾಂಪೌಂಡಿನೊಳಗೆ ಮಕ್ಕಳಿಗೆ ಕಷ್ಟ ತಯಾರಿಸಿ ಕೊಡೋದು ಹೇಗೆ ಅಂತ ವಿಡಿಯೋ ನೋಡ್ತಿದ್ದೆವು.

ಇದನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ‘ಹಳ್ಳಿ ಮಕ್ಕಳು ಗಟ್ಟಿ, ಸಿಟಿ ಮಕ್ಕಳು ಮೆತ್ತಗೆ’ ಅನ್ನೋದು ದಂಗಲ್ ಕಥೆಯ ಇನ್ನೊಂದು ವೇಷ. ಮೂರು ವರ್ಷ ಮನೆಯಲ್ಲಿ ಜಮೀನು ಹೋಗುತ್ತೆ ಅನ್ನೋ ಮಾತೇ ನಡೀತಿದ್ದರೆ ಅದು ಮಗುವಿನ ನಿದ್ದೆ ಕೆಡಿಸುತ್ತೆ, ಅದನ್ನು ತರಬೇತಿ ಅಂತ ಕರೆಯೋದು ಕ್ರೌರ್ಯ. ಕೌವಾಯಿಯ ಲೆಕ್ಕ ನೆನಪಿರಲಿ, ಕಷ್ಟ ತಾನಾಗಿ ಯಾರನ್ನೂ ಬೆಳೆಸಲ್ಲ. ಇಲ್ಲಿ ನನಗೆ ಮುಖ್ಯ ಅನಿಸಿದ್ದು ಕಷ್ಟದ ನಡುವೆಯೂ ದೊಡ್ಡವರು ಚದುರದೆ ಒಟ್ಟಿಗಿದ್ದದ್ದು, ಮಕ್ಕಳಿಗೆ ಅದು ಕಾಣುವಂತಿದ್ದದ್ದು.

ಸ್ವಾಧೀನ ಕೈಬಿಟ್ಟ ಸುದ್ದಿ ಟಿವಿಯಲ್ಲಿ ಬಂದ ದಿನ ನನ್ನ ಮಗ, ‘ಅಪ್ಪಾ, ಅಷ್ಟು ದಿನ ಕೂತಿದ್ರಲ್ಲ, ಅವ್ರಿಗೆ ಬೋರ್ ಆಗ್ಲಿಲ್ವಾ?’ ಅಂತ ಕೇಳಿದ. ಆಗಿರುತ್ತೆ ಕಣೋ ಅಂದೆ. ‘ಮತ್ತೆ ಯಾಕೆ ಹೋಗ್ತಿದ್ರು?’ ಪಕ್ಕದ ಮನೆಯವರು ಬರ್ತಿದ್ರಲ್ಲ, ಅದಕ್ಕೇ ಇರಬಹುದು ಅಂದೆ. ಅವನು ಸ್ವಲ್ಪ ಯೋಚಿಸಿ, ‘ನಾವು ಓಡೋಕೆ ಹೋಗೋದೂ ಹಂಗೇನೇ’ ಅಂದ. ನಾನು ಓಡೋದು ವಿಓ2 ಮ್ಯಾಕ್ಸ್‌ಗೆ ಅಂತ ವಾಚು ಹೇಳುತ್ತೆ. ಅವನು ಬರೋದು ನಾನು ಹೋಗ್ತೀನಿ ಅನ್ನೋ ಕಾರಣಕ್ಕೆ. ಬೇಡ ಅಂದ ದಿನ ಅವನು ಬರಲ್ಲ, ನಾನೂ ಏನೂ ಅನ್ನಲ್ಲ. ನಮ್ಮ ತಾಲ್ಲೂಕಿನದೇ ನಲ್ಲೂರಿನಲ್ಲಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಹಳೇ ಹುಣಸೆ ತೋಪಿದೆ. ಕೆಲವು ಭಾನುವಾರ ಅಲ್ಲಿಗೆ ಹೋಗ್ತೀವಿ. ಅಲ್ಲಿ ಅವನು ನನ್ನ ವಾಚಿನ ಲೆಕ್ಕಕ್ಕೆ ಸಿಗದಷ್ಟು ಓಡ್ತಾನೆ.

ಹಾಗಾದರೆ ಈ ಪ್ರಕಾರದವರಿಗೆ ನನ್ನ ಸಲಹೆ ಏನು? ಓಡಿ, ಭಾರ ಎತ್ತಿ, ಮಕ್ಕಳ ಕಣ್ಣಿಗೆ ಅದು ಬೀಳಲಿ. ಆದರೆ ಕ್ಯಾಮೆರಾವನ್ನು ಸ್ವಲ್ಪ ಹಿಂದಕ್ಕೆ ಇಡಿ, ಫ್ರೇಮಿನೊಳಗೆ ಇನ್ನೂ ಕೆಲವರು ಬರಲಿ. ಪಿಟಿ ಮೇಷ್ಟ್ರು ಬರಲಿ, ಅಜ್ಜಿ ಬರಲಿ, ಆಟದ ಬಯಲು ಬರಲಿ. ಅಪ್ಪ ‘ಇವತ್ತು ನನಗೂ ಆಗ್ತಿಲ್ಲ’ ಅಂತ ಕೂತ ದಿನವನ್ನೂ ತೋರಿಸಿ. ಮಗು ‘ಬೇಡ’ ಅಂದದ್ದನ್ನು ಕೇಳಿಸಿಕೊಂಡ ದಿನವನ್ನು ತೋರಿಸಿ. ಲೈಕು ಕಮ್ಮಿ ಬರುತ್ತೆ, ಪರವಾಗಿಲ್ಲ.

ನಾನು ಮಾಡಿರೋದು ಒಂದು ಸಣ್ಣ ಕೆಲಸ. ನಮ್ಮ ಲೇಔಟಿನ ಒಳಗೆ ಒಂದು ಬ್ಯಾಡ್ಮಿಂಟನ್ ಕೋರ್ಟ್ ಇದೆ, ವಾರದಲ್ಲಿ ಐದು ದಿನ ಖಾಲಿ. ಗೇಟಿನಾಚೆ ಊರಿನ ಮಕ್ಕಳು ರಸ್ತೆಯಲ್ಲಿ, ಟಿಪ್ಪರ್ ಲಾರಿಗಳ ಮಧ್ಯೆ ಆಡ್ತಾವೆ. ಖಾಲಿ ಇರುವ ಸಂಜೆಗಳಲ್ಲಿ ಅವರಿಗೂ ಬೀಗ ತೆಗೆಯೋಣ ಅಂತ ಅಸೋಸಿಯೇಷನ್‌ಗೆ ಪತ್ರ ಕೊಟ್ಟಿದ್ದೇನೆ. ಸೆಕ್ಯೂರಿಟಿ ಸಮಸ್ಯೆ, ಮೇಂಟೆನೆನ್ಸ್ ಖರ್ಚು, ನಾಳೆ ಏನಾದರೂ ಆದರೆ ಯಾರು ಹೊಣೆ ಅನ್ನೋ ಪ್ರಶ್ನೆಗಳು ಬಂದಿವೆ. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ, ಉತ್ತರ ಬರೆದುಕೊಳ್ತಿದ್ದೀನಿ. ಮೀಟಿಂಗ್ ಮುಂದಿನ ಭಾನುವಾರ ಹತ್ತಕ್ಕೆ ಇದೆ. ಮಗನೂ ಬರ್ತೀನಿ ಅಂದಿದ್ದಾನೆ.